‘ಈಸ್ ದೇರ್’ ಎಲ್ಲಿಂದ ಬಂತು? ಇಂಗ್ಲಿಷಿನ ಒಡೆತನದ ವಾಕ್ಯಗಳ ದೋಷ ನಿವಾರಣೆ ಕೈಪಿಡಿ

ಸಂಜೆ ಜಗಲಿಯಲ್ಲಿ ಕುಳಿತು ಬೀದಿಯ ಮಕ್ಕಳ ಇಂಗ್ಲಿಷ್ ಅರ್ಜಿಗಳನ್ನು ತಿದ್ದಿಕೊಡುವುದು ನನ್ನ ಹಳೆಯ ಅಭ್ಯಾಸ. ಕಳೆದ ಜೂನಿನಲ್ಲಿ ಒಬ್ಬ ಹುಡುಗ ವಿದ್ಯಾರ್ಥಿವೇತನದ ಅರ್ಜಿ ತಂದ. ಒಟ್ಟು ಐದು ವಾಕ್ಯ, ಅಕ್ಷರ ದುಂಡಗೆ, ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಐದೂ ವಾಕ್ಯಗಳು ಕುಂಟುತ್ತಿದ್ದವು:

‘ಟು ಮೈ ಫಾದರ್ ಟೂ ಏಕರ್ಸ್ ಲ್ಯಾಂಡ್ ಈಸ್ ದೇರ್. ದಿಸ್ ಲ್ಯಾಂಡ್ ಈಸ್ ಬಿಲಾಂಗ್ಸ್ ಟು ಅವರ್ ಗ್ರಾಂಡ್‌ಫಾದರ್. ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್. ಮೈ ಫಾದರ್ ಡಸಂಟ್ ಹ್ಯಾಸ್ ಅದರ್ ಇನ್‌ಕಮ್. ಮೈ ಒನ್ ಫ್ರೆಂಡ್ ಈಸ್ ಗೆಟಿಂಗ್ ದಿಸ್ ಸ್ಕಾಲರ್‌ಶಿಪ್.’

ಐದು ತಪ್ಪೂ ಒಂದೇ ವಿಷಯದಲ್ಲಿ ಆಗಿವೆ: ಯಾರ ಬಳಿ ಏನಿದೆ, ಯಾವುದು ಯಾರದು. ಇಂಥ ಅರ್ಜಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರೆ ಹುಡುಗ ಅದನ್ನು ನಕಲು ಮಾಡಿಕೊಂಡು ಹೋಗುತ್ತಾನೆ, ಮುಂದಿನ ವರ್ಷ ಅದೇ ತಪ್ಪುಗಳೊಂದಿಗೆ ಮತ್ತೆ ಬರುತ್ತಾನೆ. ತಪ್ಪು ಕಾಣಿಸುವುದು ಇಂಗ್ಲಿಷಿನಲ್ಲಿ, ಹುಟ್ಟುವುದು ಅದರ ಕೆಳಗಿರುವ ಕನ್ನಡ ವಾಕ್ಯದಲ್ಲಿ. ಆದ್ದರಿಂದ ನಾನು ಮಾಡಿಸುವ ಮೊದಲ ಕೆಲಸವೆಂದರೆ ಪ್ರತಿ ಸಾಲಿನ ಕೆಳಗೆ, ಅವನ ಮನಸ್ಸಿನಲ್ಲಿದ್ದ ಕನ್ನಡವನ್ನು ಇದ್ದ ಹಾಗೇ ಬರೆಸುವುದು.

‘ಟು ಮೈ ಫಾದರ್... ಈಸ್ ದೇರ್’

ಕೆಳಗೆ ಅವನು ಬರೆದದ್ದು: ‘ನಮ್ಮಪ್ಪನಿಗೆ ಎರಡು ಎಕರೆ ಜಮೀನು ಇದೆ.’ ಅಪ್ಪನಿಗೆ ಎಂಬುದು ‘ಟು ಮೈ ಫಾದರ್’ ಆಗಿದೆ, ಇದೆ ಎಂಬುದು ‘ಈಸ್ ದೇರ್’ ಆಗಿದೆ. ಪದಕ್ಕೆ ಪದ ಇಟ್ಟಿದ್ದಾನೆ, ಲೆಕ್ಕ ತಪ್ಪಿಲ್ಲ. ತಪ್ಪಿರುವುದು ಒಡೆಯನನ್ನು ಕೂರಿಸಿದ ಜಾಗ.

ಕನ್ನಡದಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ನೇರವಾದ ಜೋಡಿ ಇಲ್ಲ. ನಮಗಿರುವುದು ‘ಇರು’ ಒಂದೇ. ಅದನ್ನೇ ವಿಭಕ್ತಿ ಬದಲಿಸಿ ದುಡಿಸಿಕೊಳ್ಳುತ್ತೇವೆ. ನನಗೆ ಇಬ್ಬರು ತಂಗಿಯರಿದ್ದಾರೆ. ನನ್ನ ಹತ್ತಿರ ನೂರು ರೂಪಾಯಿ ಇದೆ. ಅವಳಲ್ಲಿ ತಾಳ್ಮೆ ಇದೆ. ಮನೆಗೆ ಎರಡು ಬಾಗಿಲುಗಳಿವೆ. ಈ ನಾಲ್ಕರಲ್ಲಿ ಎಲ್ಲಿಯೂ ಒಡೆಯ ಕರ್ತೃವಲ್ಲ. ಅವನು ಚತುರ್ಥಿಯಲ್ಲೋ ಸಪ್ತಮಿಯಲ್ಲೋ ‘ಹತ್ತಿರ’ದ ಹಿಂದೆಯೋ ಬದಿಗೆ ನಿಂತಿದ್ದಾನೆ. ಕ್ರಿಯಾಪದ ಹೊಂದಿಕೊಳ್ಳುವುದು ವಸ್ತುವಿನ ಜೊತೆ: ತಂಗಿಯರಿದ್ದಾರೆ, ರೂಪಾಯಿ ಇದೆ, ಬಾಗಿಲುಗಳಿವೆ. ಇಂಗ್ಲಿಷ್ ಇದನ್ನು ತಿರುಗಿಸಿಬಿಡುತ್ತದೆ. ಒಡೆಯ ಎದ್ದು ಬಂದು ಕರ್ತೃವಿನ ಪೀಠದಲ್ಲಿ ಕೂರುತ್ತಾನೆ, ವಸ್ತು ಕರ್ಮವಾಗುತ್ತದೆ, ಕ್ರಿಯಾಪದ ಒಡೆಯನ ಮಾತು ಕೇಳುತ್ತದೆ. ‘ಮೈ ಫಾದರ್ ಹ್ಯಾಸ್ ಟೂ ಏಕರ್ಸ್ ಆಫ್ ಲ್ಯಾಂಡ್.’

‘ಶೀ ಹ್ಯಾವ್ ಟೂ ಸಿಸ್ಟರ್ಸ್’ ಎಂದು ಬರೆಯುವ ಮಕ್ಕಳು ಬಹಳ ಮಂದಿ. ಅವರಿಗೆ ಏಕವಚನ, ಬಹುವಚನ ಗೊತ್ತಿಲ್ಲವೆಂದು ಬೈಯುವ ಮೊದಲು ಕನ್ನಡ ನೋಡಿ: ‘ಅವಳಿಗೆ ಇಬ್ಬರು ಅಕ್ಕಂದಿರು ಇದ್ದಾರೆ.’ ಇದ್ದಾರೆ ಎಂಬ ಬಹುವಚನ ಅಕ್ಕಂದಿರದು. ಮಗು ಅದೇ ನಿಷ್ಠೆಯಿಂದ ‘ಸಿಸ್ಟರ್ಸ್’ಗೆ ‘ಹ್ಯಾವ್’ ಹೊಂದಿಸಿದೆ. ಪರೀಕ್ಷೆ ಸರಳ: ವಾಕ್ಯದಲ್ಲಿ ಒಡೆಯನ ಕೆಳಗೆ ಗೆರೆ ಎಳೆಯಿರಿ, ವಸ್ತುವನ್ನು ಬೆರಳಿನಿಂದ ಮುಚ್ಚಿ, ಆಮೇಲೆ ‘ಹ್ಯಾವ್’, ‘ಹ್ಯಾಸ್’ ನಿರ್ಧರಿಸಿ.

ಇದು ನಮ್ಮೊಬ್ಬರ ಕಥೆಯಲ್ಲ. ತಮಿಳು, ತೆಲುಗು, ಹಿಂದಿಯವರದೂ ಇದೇ ಕಥೆ. ರಷ್ಯನ್ನರು ‘ಉ ಮೆನ್ಯಾ’, ಅಂದರೆ ಹೆಚ್ಚುಕಡಿಮೆ ‘ನನ್ನ ಬಳಿ’ ಎಂದೇ ಶುರು ಮಾಡುತ್ತಾರೆ. ಲ್ಯಾಟಿನ್ನಿನಲ್ಲಿ ‘ಹಬೇಯೋ’ ಎಂಬ ಕ್ರಿಯಾಪದವಿದ್ದರೂ ‘ಮಿಹಿ ಎಸ್ಟ್’, ನನಗೆ ಇದೆ, ಎಂಬ ರಚನೆಯೂ ನಡೆಯುತ್ತಿತ್ತು. ಹುಡುಗನ ‘ಟು ಮೈ ಫಾದರ್’ ಅವಿವೇಕವೇನಲ್ಲ. ರೋಮಿನಲ್ಲಿ ಹುಟ್ಟಿದ್ದರೆ ಪಾಸಾಗುತ್ತಿದ್ದ.

ಇನ್ನೊಂದು ಸೂಕ್ಷ್ಮವಿದೆ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂದರೆ ಸಂಬಂಧ. ‘ನನ್ನ ಹತ್ತಿರ ಇಬ್ಬರು ತಂಗಿಯರಿದ್ದಾರೆ’ ಎಂದರೆ ಅವರು ನನ್ನ ಮನೆಯಲ್ಲಿ ಉಳಿದುಕೊಂಡಿದ್ದಾರೆ. ನಾವು ವಿಭಕ್ತಿಯಲ್ಲಿ ಹೇಳಿಬಿಡುವ ಈ ಭೇದ ‘ಹ್ಯಾವ್’ನಲ್ಲಿ ಕರಗಿಹೋಗುತ್ತದೆ. ‘ಐ ಹ್ಯಾವ್ ಆನ್ ಅಂಬ್ರೆಲಾ’ ಎಂದರೆ ಕೊಡೆ ಕೈಯಲ್ಲಿದೆಯೋ ಮನೆಯ ಮೂಲೆಯಲ್ಲಿದೆಯೋ ತಿಳಿಯುವುದಿಲ್ಲ. ಕೈಯಲ್ಲಿದ್ದರೆ ಕೊನೆಗೆ ‘ವಿತ್ ಮಿ’ ಸೇರಿಸಿ. ‘ವಿತ್ ಮಿ ಅಂಬ್ರೆಲಾ ಈಸ್ ದೇರ್’ ಎನ್ನುವುದು ಮಾತ್ರ ಹಳೆಯ ರೋಗವೇ, ಬೇರೆ ಅಂಗಿ ತೊಟ್ಟಿದೆ ಅಷ್ಟೆ.

‘ಈಸ್ ಬಿಲಾಂಗ್ಸ್ ಟು’

ನನ್ನ ಜಗಲಿಗೆ ಬರುವ ಕಾಗದಗಳಲ್ಲಿ ಅತಿ ಹೆಚ್ಚು ಕಾಣಿಸುವ ದೋಷ ಇದು. ಒಂದು ವಾಕ್ಯದಲ್ಲಿ ಎರಡು ಎಂಜಿನ್. ‘ದಿಸ್ ಲ್ಯಾಂಡ್ ಬಿಲಾಂಗ್ಸ್ ಟು’ ಎಂದರೆ ಸಾಕಾಗಿರುವಾಗ ‘ಈಸ್’ ಯಾಕೆ ನುಗ್ಗಿತು?

ಕನ್ನಡದಲ್ಲಿ ನಾವು ಹೇಳುವುದು ‘ಈ ಜಮೀನು ತಾತನಿಗೆ ಸೇರಿದ್ದು’. ‘ಸೇರಿದ್ದು’ ಎಂಬುದು ಕ್ರಿಯೆಯಿಂದ ಹುಟ್ಟಿದ ನಾಮ. ಸೇರಿದ ವಸ್ತು ಎಂದರ್ಥ. ಇಂಥ ನಾಮದ ಮುಂದೆ ಇಂಗ್ಲಿಷಿನಲ್ಲಿ ‘ಈಸ್’ ಬೇಕೆಂದು ಮಕ್ಕಳು ಮೊದಲ ಪಾಠದಲ್ಲೇ ಕಲಿತಿರುತ್ತಾರೆ: ‘ಇದು ಪುಸ್ತಕ’ ಎಂದರೆ ‘ದಿಸ್ ಈಸ್ ಎ ಬುಕ್’. ಅದೇ ಅಚ್ಚಿಗೆ ‘ಇದು ಸೇರಿದ್ದು’ ಎಂಬುದನ್ನು ಹಾಕಿದರೆ ‘ದಿಸ್ ಈಸ್ ಬಿಲಾಂಗ್ಸ್’ ಎಂದೇ ಹೊರಬರುತ್ತದೆ. ದುರಸ್ತಿಗೆ ಒಂದು ಉಪಾಯ: ಕನ್ನಡದಲ್ಲಿ ‘ಸೇರಿದ್ದು’ ಬದಲು ‘ಸೇರುತ್ತದೆ’ ಎಂದು ಹಾಕಿ ಓದಿಸಿ. ಆಗ ಕ್ರಿಯಾಪದ ಮೈತುಂಬ ಕಾಣಿಸಿಕೊಳ್ಳುತ್ತದೆ, ‘ಈಸ್’ ತಾನಾಗಿ ಕಳಚುತ್ತದೆ. ನಾಮವನ್ನೇ ಉಳಿಸಿಕೊಳ್ಳುವ ಹಟವಿದ್ದರೆ ‘ದಿಸ್ ಲ್ಯಾಂಡ್ ಈಸ್ ಮೈ ಗ್ರಾಂಡ್‌ಫಾದರ್’ಸ್’ ಎಂದೂ ಬರೆಯಬಹುದು. ‘ತಾತನದು’ ಎಂಬುದಕ್ಕೆ ಅದು ಸರಿಜೋಡಿ.

‘ಈಸ್ ಬಿಲಾಂಗಿಂಗ್ ಟು’ ಎಂಬ ಇನ್ನೊಂದು ರೂಪವೂ ಓಡಾಡುತ್ತಿದೆ. ಅದರ ಮದ್ದು ಮುಂದೆ ಬರುತ್ತದೆ.

ವ್ಯಾಕರಣ ಸರಿಮಾಡಿದ ಮೇಲೆ ಹುಡುಗನ ಮೊದಲೆರಡು ವಾಕ್ಯಗಳನ್ನು ಒಟ್ಟಿಗೆ ಓದಿದೆ: ಅಪ್ಪನಿಗೆ ಎರಡು ಎಕರೆ ಇದೆ, ಅದು ತಾತನಿಗೆ ಸೇರಿದ್ದು. ಅರ್ಜಿ ಪರಿಶೀಲಿಸುವವರು ಕನ್ನಡ ತಿಳಿಯದವರಾದರೆ ಹುಬ್ಬೇರಿಸುತ್ತಾರೆ. ಜಮೀನು ನಿಜವಾಗಿ ಯಾರದು? ಕೇಳಿದೆ. ‘ಉಳುವುದು ಅಪ್ಪ, ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ’ ಎಂದ. ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕು. ‘ಹ್ಯಾವ್’ ಎಂದರೆ ಬಳಿ ಇದೆ ಎಂದಷ್ಟೇ. ಹಕ್ಕಿನ ಮಾತು ಅದರಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಬಾಡಿಗೆ ಮನೆಯಲ್ಲಿದ್ದುಕೊಂಡೂ ‘ವಿ ಹ್ಯಾವ್ ಎ ನೈಸ್ ಹೌಸ್’ ಎನ್ನಬಹುದು. ‘ಓನ್’ ಎಂದರೆ ಹಕ್ಕು. ‘ಬಿಲಾಂಗ್’ ಕೂಡ ಹಕ್ಕೇ, ಆದರೆ ವಸ್ತುವಿನ ಕಡೆಯಿಂದ ನೋಡಿದ್ದು, ಅದಕ್ಕೇ ಅಲ್ಲಿ ವಸ್ತು ಕರ್ತೃ. ‘ಪೊಸೆಸ್’ ಕಾನೂನಿನ ಕಾಗದದಲ್ಲಿ ಸ್ವಾಧೀನದ ಮಾತು. ನಮ್ಮಲ್ಲಿ ಮಾಲೀಕತ್ವ ಒಬ್ಬರದು, ಸ್ವಾಧೀನ ಇನ್ನೊಬ್ಬರದು ಎಂದು ದಾವೆ ನಡೆಯುವ ಹಾಗೆ ಅಲ್ಲಿಯೂ ‘ಓನರ್‌ಶಿಪ್’ ಬೇರೆ, ‘ಪೊಸೆಷನ್’ ಬೇರೆ. ದಿನಬಳಕೆಯಲ್ಲಿ ‘ಐ ಪೊಸೆಸ್ ಎ ಪೆನ್’ ಎಂದರೆ ಕೇಳಿದವರು ನಗುತ್ತಾರೆ.

ಕಡೆಗೆ ಎರಡು ವಾಕ್ಯ ಸೇರಿ ಒಂದಾಯಿತು: ‘ಮೈ ಫಾದರ್ ಫಾರ್ಮ್ಸ್ ಟೂ ಏಕರ್ಸ್ ಆಫ್ ಲ್ಯಾಂಡ್, ವಿಚ್ ಈಸ್ ಸ್ಟಿಲ್ ಇನ್ ಅವರ್ ಗ್ರಾಂಡ್‌ಫಾದರ್’ಸ್ ನೇಮ್.’ ಗಮನಿಸಿ, ‘ಹ್ಯಾವ್’ ಹೋಗಿಬಿಟ್ಟಿತು, ‘ಬಿಲಾಂಗ್’ ಕೂಡ ಹೋಯಿತು. ಎಷ್ಟೋ ಸಲ ದೋಷವಿರುವ ಭಾಗವನ್ನು ರಿಪೇರಿ ಮಾಡುವುದಕ್ಕಿಂತ ತೆಗೆದುಹಾಕುವುದೇ ವಾಸಿ.

‘ಐ ಆಮ್ ಹ್ಯಾವಿಂಗ್’

ಈ ತಪ್ಪಿಗೆ ಭಾರತದ ಇಂಗ್ಲಿಷ್ ಹೆಸರುವಾಸಿ. ‘ಇರು’ ಎಂಬುದು ಸ್ಥಿತಿ, ಮುಂದುವರಿಯುತ್ತಲೇ ಇರುವಂಥದ್ದು. ಮುಂದುವರಿಯುವುದಕ್ಕೆ ‘ಇಂಗ್’ ಹಚ್ಚಬೇಕೆಂಬುದು ಶಾಲೆಯ ಪಾಠ. ಎರಡೂ ಕೂಡಿ ‘ಹ್ಯಾವಿಂಗ್’ ಆಗುತ್ತದೆ. ಇಂಗ್ಲಿಷಿನ ತರ್ಕ ಉಲ್ಟಾ: ‘ಇಂಗ್’ ಇರುವುದು ನಡೆಯುತ್ತಿರುವ ಕೆಲಸಕ್ಕೆ, ಶುರುವಾಗಿ ಮುಗಿಯುವಂಥದ್ದಕ್ಕೆ. ತಂಗಿಯರು ಇರುವುದು ಕೆಲಸವಲ್ಲ.

ತಪಾಸಣೆಗೆ ಕನ್ನಡವೇ ಸಾಕು. ‘ಹ್ಯಾವ್’ ಬಂದ ಜಾಗದಲ್ಲಿ ‘ಇದೆ, ಇದ್ದಾರೆ’ ಕೂತರೆ ‘ಇಂಗ್’ ಬೇಡ. ಬೇರೆ ಕ್ರಿಯಾಪದ ಕೂತರೆ ‘ಇಂಗ್’ ಬರಬಹುದು. ‘ವಿ ಆರ್ ಹ್ಯಾವಿಂಗ್ ಲಂಚ್’: ಇಲ್ಲಿ ಊಟ ಇಲ್ಲ ಎಂದಲ್ಲ, ಇದೆ ಎಂದೂ ಅಲ್ಲ, ಮಾಡುತ್ತಿದ್ದೇವೆ. ಆದ್ದರಿಂದ ಸರಿ. ‘ಐ ಆಮ್ ಹ್ಯಾವಿಂಗ್ ಎ ಕಾರ್’: ಕಾರು ಇದೆ. ತಪ್ಪು. ಬಿಟ್ಟರೆ ಯಾರೋ ಕಾರನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದಾರೆಂಬ ಚಿತ್ರ ಬರುತ್ತದೆ. ‘ಬಿಲಾಂಗಿಂಗ್’, ‘ಓನಿಂಗ್’ಗೂ ಇದೇ ಪರೀಕ್ಷೆ.

ನಗುವಿನ ಆಚೆಗೂ ಒಂದು ಅಪಾಯ ಇದೆ. ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳಿಗೆ ಮಗುವಿದೆ ಎಂದಲ್ಲ, ಅವಳು ಬಸುರಿ ಅಥವಾ ಹೆರಿಗೆಯಾಗುತ್ತಿದೆ ಎಂದು. ತೊಟ್ಟಿಲಲ್ಲಿ ಒಂದು ವರ್ಷದ ಕೂಸಿರುವ ನನ್ನ ಸೋದರ ಸೊಸೆಯ ಬಗ್ಗೆ ಮನೆಯವರೊಬ್ಬರು ಹೀಗೆ ಬರೆದು, ಹೊರದೇಶದ ಸ್ನೇಹಿತೆಯಿಂದ ಮತ್ತೊಂದು ಸುತ್ತು ಶುಭಾಶಯ ಬಂದಿತ್ತು.

ಜ್ವರ, ತಲೆನೋವಿನ ಕಡೆಗೆ ಒಂದು ಮಾತು. ‘ಐ ಆಮ್ ಹ್ಯಾವಿಂಗ್ ಫೀವರ್’ ನಮ್ಮ ರಜಾ ಅರ್ಜಿಗಳ ಖಾಯಂ ಸಾಲು. ‘ಐ ಹ್ಯಾವ್ ಎ ಫೀವರ್’ ಸಾಕು. ‘ಹೆಡ್ ಈಸ್ ಪೇಯ್ನಿಂಗ್’ ಬದಲು ‘ಐ ಹ್ಯಾವ್ ಎ ಹೆಡೇಕ್’. ಕೈ ತೊಳೆದೆ, ಕಾಲು ಮುರಿದುಕೊಂಡ ಎನ್ನುವಾಗ ಯಾರ ಕೈ, ಯಾರ ಕಾಲು ಎಂದು ಕನ್ನಡ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ: ‘ಮೈ ಹ್ಯಾಂಡ್ಸ್’, ‘ಹಿಸ್ ಲೆಗ್’. ‘ಹಿ ಬ್ರೋಕ್ ಲೆಗ್’ ಎಂದು ಕಂಡರೆ ನಡುವೆ ಒಡೆಯನನ್ನು ತುರುಕಿ.

‘ಡಸಂಟ್ ಹ್ಯಾಸ್’

ಇದು ಸಣ್ಣ ರಿಪೇರಿ. ‘ಹ್ಯಾಸ್’ನ ಕೊನೆಯ ‘ಸ್’ ಒಂದು ವಾಕ್ಯಕ್ಕೆ ಒಂದೇ ಸಲ ಸಿಗುವ ಪಡಿತರ. ‘ಡು’ ಅದನ್ನು ಪಡೆದು ‘ಡಸ್’ ಆದ ಮೇಲೆ ‘ಹ್ಯಾವ್’ ಬರಿಗೈಯಲ್ಲಿ ನಿಲ್ಲಬೇಕು: ‘ಡಸಂಟ್ ಹ್ಯಾವ್’. ನಮಗೂ ಇದು ಹೊಸತಲ್ಲ. ಬಂದನು, ಬಂದಳು, ಬಂದರು ಎಂದು ಮೂರು ಬಾಲ ಇರುವ ಕ್ರಿಯಾಪದ ನಿಷೇಧಕ್ಕೆ ಬಂದೊಡನೆ ‘ಬರಲಿಲ್ಲ’ ಎಂದು ಬಾಲ ಕತ್ತರಿಸಿಕೊಂಡು ಎಲ್ಲರಿಗೂ ಒಂದೇ ಆಗುವುದಿಲ್ಲವೇ? ಹುಡುಗನಿಗೆ ಹೀಗೆ ಹೇಳಿದಾಗ ತಕ್ಷಣ ಹಿಡಿದುಕೊಂಡ. ‘ಹ್ಯಾವ್ ಗಾಟ್’ ಎಂಬುದು ಬ್ರಿಟಿಷರ ಮಾತಿನ ವಾಡಿಕೆ, ಅದರ ನಿಷೇಧ ‘ಹ್ಯಾವಂಟ್ ಗಾಟ್’. ಅರ್ಜಿಗೆ ಅದರ ಅಗತ್ಯವಿಲ್ಲ.

‘ಮೈ ಒನ್ ಫ್ರೆಂಡ್’

‘ನನ್ನ ಒಬ್ಬ ಸ್ನೇಹಿತ’ ಎಂಬುದು ನಿರ್ದೋಷಿ ಕನ್ನಡ. ಇಂಗ್ಲಿಷಿನಲ್ಲಿ ‘ಮೈ ಒನ್ ಫ್ರೆಂಡ್’ ಎಂದರೆ ಈ ಜಗತ್ತಿನಲ್ಲಿ ನನಗಿರುವವನು ಅವನೊಬ್ಬನೇ ಎಂಬ ದೈನ್ಯ. ‘ಒನ್ ಮೈ ಫ್ರೆಂಡ್’ ಎಂದರೆ ವ್ಯಾಕರಣವೇ ಇಲ್ಲ.

ಬಸ್ಸಿನ ಸೀಟಿಗೆ ಟವೆಲ್ ಹಾಕುವುದು ನಮಗೆ ಗೊತ್ತು. ಇಂಗ್ಲಿಷ್ ನಾಮಪದದ ಮುಂದೆ ಇರುವುದು ಒಂದೇ ಸೀಟು. ‘ಎ’, ‘ದಿ’, ‘ದಿಸ್’, ‘ದ್ಯಾಟ್’, ‘ಮೈ’, ‘ಫಾದರ್’ಸ್’, ಇವರಲ್ಲಿ ಯಾರು ಮೊದಲು ಟವೆಲ್ ಹಾಕಿದರೋ ಸೀಟು ಅವರದು. ಕನ್ನಡ ಈ ವಿಷಯದಲ್ಲಿ ಉದಾರಿ. ‘ನನ್ನ ಆ ಹಳೆಯ ಒಂದು ಸೈಕಲ್’ ಎಂದು ನಾಲ್ವರನ್ನು ಕೂರಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಎರಡನೆಯವನು ಹಿಂದಿನ ಬಾಗಿಲಿನಿಂದ ಹತ್ತಬೇಕು, ಅದಕ್ಕೆ ‘ಆಫ್ ಮೈನ್’ ಎಂಬ ಮೆಟ್ಟಿಲಿದೆ: ‘ಎ ಫ್ರೆಂಡ್ ಆಫ್ ಮೈನ್’, ‘ದ್ಯಾಟ್ ಓಲ್ಡ್ ಸೈಕಲ್ ಆಫ್ ಮೈನ್’. ‘ಆಫ್ ಮಿ’ ಅಲ್ಲ, ‘ಆಫ್ ಮೈನ್’; ಕನ್ನಡದ ನನ್ನ, ನನ್ನದು ಎಂಬ ಜೋಡಿಯಲ್ಲಿ ‘ಮೈನ್’ ಎಂದರೆ ನನ್ನದು. ‘ವನ್ ಆಫ್ ಮೈ ಫ್ರೆಂಡ್ಸ್’ ಕೂಡ ಆಗುತ್ತದೆ, ಕೊನೆಯ ಬಹುವಚನ ಮಾತ್ರ ಮರೆಯಬಾರದು.

ಷಷ್ಠಿಯ ಕವಲುದಾರಿ

‘ಹ್ಯಾವ್’ ವಿಷಯದಲ್ಲಿ ನಮ್ಮ ಹಲವು ದಾರಿಗಳು ಅವರ ಒಂದೇ ದಾರಿಗೆ ಸೇರುತ್ತವೆ. ಷಷ್ಠಿಯಲ್ಲಿ ಇದು ತಿರುಗುಮುರುಗು. ಅಣ್ಣನ ಮನೆ, ಮೇಜಿನ ಕಾಲು, ಚಿನ್ನದ ಬಳೆ, ನಿನ್ನೆಯ ಪತ್ರಿಕೆ, ಹತ್ತು ವರ್ಷದ ಹುಡುಗ: ನಮ್ಮ ಷಷ್ಠಿ ಎಲ್ಲಕ್ಕೂ ಒದಗುತ್ತದೆ. ಇಂಗ್ಲಿಷಿನಲ್ಲಿ ಐದಕ್ಕೂ ಒಂದೇ ಕೀಲಿ ಹಾಕಿದರೆ ಬೀಗ ಮುರಿಯುತ್ತದೆ.

ಅಣ್ಣನಿಗೆ ಜೀವವಿದೆ, ‘ಮೈ ಬ್ರದರ್’ಸ್ ಹೌಸ್’. ‘ದಿ ಹೌಸ್ ಆಫ್ ಮೈ ಬ್ರದರ್’ ಎಂದರೆ ರಾಜಮನೆತನದ ವಾಸನೆ ಹೊಡೆಯುತ್ತದೆ. ಮೇಜಿಗೆ ಜೀವವಿಲ್ಲ, ‘ದಿ ಲೆಗ್ ಆಫ್ ದಿ ಟೇಬಲ್’ ಅಥವಾ ಇನ್ನೂ ಸಲೀಸಾಗಿ ‘ಟೇಬಲ್ ಲೆಗ್’. ಚಿನ್ನದ ಬಳೆಯಲ್ಲಿ ಚಿನ್ನ ಒಡೆಯನೇ ಅಲ್ಲ, ಬರಿಯ ಲೋಹ, ‘ಗೋಲ್ಡ್ ಬ್ಯಾಂಗಲ್’. ಹತ್ತು ವರ್ಷದ ಹುಡುಗನೂ ವರ್ಷಗಳ ಆಸ್ತಿಯಲ್ಲ, ‘ಟೆನ್ ಇಯರ್ ಓಲ್ಡ್ ಬಾಯ್’. ನಿನ್ನೆಯ ಪತ್ರಿಕೆ ಮಾತ್ರ ಮೋಸಗಾರ: ಕಾಲಕ್ಕೆ ಜೀವವಿಲ್ಲದಿದ್ದರೂ ‘ಯೆಸ್ಟರ್‌ಡೇ’ಸ್ ಪೇಪರ್’. ಎರಡು ದಿನದ ರಜೆಯೂ ಹಾಗೆಯೇ, ‘ಟೂ ಡೇಸ್’ ಲೀವ್’.

ನಾವು ಶಾಲೆಯಲ್ಲಿ ಕಲಿತ ‘ಜೀವವಿದ್ದವರಿಗೆ ಮಾತ್ರ ಅಪಾಸ್ಟ್ರಫಿ’ ಎಂಬ ನಿಯಮ ಮುಕ್ಕಾಲು ಭಾಗ ನಿಜ. ಊರು, ದೇಶ, ಸಂಸ್ಥೆಗಳಿಗೆ ಪತ್ರಿಕೆಗಳು ಧಾರಾಳವಾಗಿ ಬಳಸುತ್ತವೆ. ‘ದಿ ಸಿಟಿ’ಸ್ ರೋಡ್ಸ್’ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೀವವಿದ್ದರೂ ಒಡೆಯನ ವಿವರಣೆ ಉದ್ದವಾದರೆ ‘ಆಫ್’ ಒಳ್ಳೆಯದು. ನಿನ್ನೆ ಮದುವೆಯಲ್ಲಿ ಸಿಕ್ಕಿದ್ದ ಮೇಷ್ಟರ ಮಗಳು ಎಂಬಷ್ಟು ಸರಂಜಾಮನ್ನು ಹೊತ್ತು ಒಂದು ‘ಸ್’ ಮುಂದೆ ನಡೆಯಲಾರದು.

ಅಪಾಸ್ಟ್ರಫಿ: ಕಿವಿಗೆ ಕೇಳದ ದೋಷ

ಇಲ್ಲಿ ಕನ್ನಡ ನಿರಪರಾಧಿ. ‘ಇಟ್ಸ್’ ಎಂಬುದನ್ನು ಅಪಾಸ್ಟ್ರಫಿಯೊಂದಿಗೆ ಬರೆದರೂ ಇಲ್ಲದೆ ಬರೆದರೂ ಉಚ್ಚಾರ ಒಂದೇ, ಹೀಗಾಗಿ ಇಂಗ್ಲಿಷರೂ ಎಡವುತ್ತಾರೆ.

ಹಳೆಯ ಇಂಗ್ಲಿಷಿನಲ್ಲಿ ಅನೇಕ ನಾಮಪದಗಳ ಷಷ್ಠಿಗೆ ‘ಎಸ್’ ಎಂಬ ಪ್ರತ್ಯಯವಿತ್ತು. ಕಾಲಕ್ರಮದಲ್ಲಿ ಅದರ ಸ್ವರ ಸವೆದುಹೋಗಿ ‘ಸ್’ ಮಾತ್ರ ಉಳಿಯಿತು. ಲೋಪ ತೋರಿಸುವ ಚಿಹ್ನೆಯೇ ಮುಂದೆ ಒಡೆತನದ ಗುರುತಾಗಿ ನೆಲೆಯೂರಿತು. ನಡುವೆ ಕೆಲವು ಕಾಲ ಆ ‘ಸ್’ ಎಂಬುದು ‘ಹಿಸ್’ನ ಚೂರು ಎಂದು ತಿಳಿದು ‘ದಿ ಕಿಂಗ್ ಹಿಸ್ ಕ್ರೌನ್’ ಎಂಬ ಧಾಟಿಯಲ್ಲಿ ಬರೆದವರೂ ಇದ್ದರು. ಒಡೆತನದ ‘ಇಟ್ಸ್’ ಅಂತೂ ತಡವಾಗಿ ಬಂದ ಮಗು. 1611ರಲ್ಲಿ ಅಚ್ಚಾದ ಪ್ರಸಿದ್ಧ ಇಂಗ್ಲಿಷ್ ಬೈಬಲಿನಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ವಸ್ತುವಿಗೂ ‘ಹಿಸ್’, ಇಲ್ಲವೆ ‘ದೇರಾಫ್’.

ಈಗಿನ ನಿಯಮಕ್ಕೆ ಪರೀಕ್ಷೆ ಒಂದೇ. ‘ಇಟ್ಸ್’ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಹಾಕಿ ಓದಿ. ಅರ್ಥವಾದರೆ ಅಪಾಸ್ಟ್ರಫಿ ಇರಲಿ, ಆಗದಿದ್ದರೆ ಕಿತ್ತುಹಾಕಿ. ‘ಹಿಸ್’, ‘ಹರ್ಸ್’, ‘ಅವರ್ಸ್’, ‘ಯುವರ್ಸ್’ ಯಾವುದಕ್ಕೂ ಅದು ಇಲ್ಲವೆಂಬುದನ್ನು ನೆನಪಿಟ್ಟರೆ ‘ಇಟ್ಸ್’ ಆ ಸಾಲಿನವನೇ ಎಂದು ತಿಳಿಯುತ್ತದೆ. ಅಂಗಡಿ ಫಲಕಗಳಲ್ಲಿ ಬರಿಯ ಬಹುವಚನಕ್ಕೂ ಅಪಾಸ್ಟ್ರಫಿ ಹಾಕಿ ‘ಜ್ಯೂಸ್’ಸ್’ ಎಂದು ಬರೆಯುವವರನ್ನು ನಾನು ತಿದ್ದಲು ಹೋಗುವುದಿಲ್ಲ. ಜ್ಯೂಸ್ ಕುಡಿದು ಬರುತ್ತೇನೆ.

ಎದುರು ದಿಕ್ಕಿನ ಸೋರಿಕೆ

ಇಂಗ್ಲಿಷಿಗೆ ಕನ್ನಡ ಸೋರಿದ್ದನ್ನು ನೋಡಿ ನಗುವ ಪಂಡಿತರು ಕನ್ನಡಕ್ಕೆ ಇಂಗ್ಲಿಷ್ ಸೋರುತ್ತಿರುವುದನ್ನು ಗಮನಿಸುವುದಿಲ್ಲ. ‘ಮೃತರು ಇಬ್ಬರು ಮಕ್ಕಳನ್ನು ಹೊಂದಿದ್ದರು.’ ‘ಈ ಮನೆ ಮೂರು ಕೋಣೆಗಳನ್ನು ಹೊಂದಿದೆ.’ ಇದು ‘ಹ್ಯಾವ್’ಗೆ ಪಂಚೆ ಉಡಿಸಿದ್ದು. ಮೃತರಿಗೆ ಇಬ್ಬರು ಮಕ್ಕಳಿದ್ದಾರೆ, ಮನೆಯಲ್ಲಿ ಮೂರು ಕೋಣೆಗಳಿವೆ ಎಂದರೆ ಪದವೂ ಉಳಿಯುತ್ತದೆ. ‘ಪ್ರಗತಿ ಹೊಂದು’, ‘ಗುರಿ ಹೊಂದು’ ಹಳೆಯ ಬಳಕೆಗಳು, ಅವುಗಳ ತಂಟೆಗೆ ಹೋಗಬೇಕಿಲ್ಲ. ಮಕ್ಕಳನ್ನು ‘ಹೊಂದಿದ್ದಾರೆ’ ಎಂದು ಕಂಡಾಗ ಮಾತ್ರ ನನ್ನ ಕೆಂಪು ಪೆನ್ನು ತಾನಾಗಿ ಏಳುತ್ತದೆ.

ಮುಟ್ಟುವ ಮೊದಲು ಕೇಳಬೇಕಾದದ್ದು: ‘ನಮ್ಮ’

‘ಅವರ್ ಹಸ್ಬೆಂಡ್ ಈಸ್ ಇನ್ ಬ್ಯಾಂಕ್’ ಎಂದು ಒಬ್ಬ ತಾಯಿ ಶಾಲೆಯ ನಮೂನೆಯಲ್ಲಿ ಬರೆದಿದ್ದರು. ‘ನಮ್ಮ ಯಜಮಾನರು’ ಎಂಬುದರ ಮರ್ಯಾದೆ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಗಂಡನನ್ನು ಹಂಚಿಬಿಟ್ಟಿತ್ತು. ಅದನ್ನು ‘ಮೈ’ ಮಾಡದೆ ವಿಧಿಯಿಲ್ಲ. ನಮ್ಮಮ್ಮ, ನಮ್ಮೂರು, ನಮ್ಮ ಮೇಷ್ಟರು: ಒಬ್ಬನೇ ಮಾತನಾಡುವಾಗಲೂ ಕನ್ನಡಿಗ ‘ನಮ್ಮ’ ಎನ್ನುತ್ತಾನೆ, ಅದರಲ್ಲಿ ಲೆಕ್ಕವಿಲ್ಲ. ಇಂಗ್ಲಿಷ್ ಲೆಕ್ಕ ಕೇಳುತ್ತದೆ.

ಹುಡುಗನ ‘ಅವರ್ ಗ್ರಾಂಡ್‌ಫಾದರ್’ ಮೇಲೂ ಪೆನ್ನು ಇಟ್ಟಿದ್ದೆ. ‘ಮೈ’ ಮಾಡಲೇ ಎಂದು ಕೇಳಿದೆ. ‘ಬೇಡ ಸಾರ್, ತಂಗಿಯರಿಬ್ಬರೂ ಇದೇ ಅರ್ಜಿಗೆ ಸಹಿ ಹಾಕುತ್ತಾರೆ’ ಎಂದ. ಅವರೂ ಅದೇ ವಿದ್ಯಾರ್ಥಿವೇತನಕ್ಕೆ ಹಾಕುತ್ತಿದ್ದರಂತೆ, ಒಂದೇ ಕಾಗದದಲ್ಲಿ ಮೂವರು. ಹಾಗಿದ್ದರೆ ‘ಐ ಹ್ಯಾವ್ ಟೂ ಸಿಸ್ಟರ್ಸ್’ ವಾಕ್ಯವೇ ತಪ್ಪು. ಅದನ್ನು ಹೊಡೆದುಹಾಕಿ, ‘ಮೈ ಫಾದರ್’ ಇದ್ದ ಎರಡು ಕಡೆ ‘ಅವರ್ ಫಾದರ್’ ಎಂದು ಬರೆದು, ತಾತನ ಹಿಂದಿನ ‘ಅವರ್’ ಅನ್ನು ಅದಿದ್ದ ಹಾಗೆ ಬಿಟ್ಟೆ.